ಕಿಡಿಗೇಡಿ ಕೃತ್ಯಗಳಿಂದ ವಾಸದ ಮನೆಗಳ ರಕ್ಷಣೆ: ಗ್ರಾಮ ಪಂಚಾಯಿತಿ ಸದಸ್ಯರ ಕರ್ತವ್ಯ

ಮಲೆ ಮಹದೇಶ್ವರ ಬೆಟ್ಟದಿಂದ ಇಳಿದು ಮೆಟ್ಟೂರಿನ ಕಡೆಗೆ ಸಾಗುವ ರಸ್ತೆಯು ತಮಿಳುನಾಡಿನ ಗಡಿಯನ್ನು ಮುಟ್ಟುವಲ್ಲಿ, ಹನೂರು ತಾಲ್ಲೂಕಿನ ಅಂಚಿನಲ್ಲಿ ಪಾಲಾರ್ ಇದೆ. ಹೊರಗಿನವರಿಗೆ ಈ ಹೆಸರು 1993ರ ಏಪ್ರಿಲ್ 9ರಂದು 22 ಜನರನ್ನು ಬಲಿ ತೆಗೆದುಕೊಂಡ ನೆಲಬಾಂಬ್ ಸ್ಫೋಟವನ್ನು ನೆನಪಿಗೆ ತರುತ್ತದೆ. ಆ ಕಾಲ ಕಳೆದುಹೋಗಿದೆ. ಆದರೆ ಕಾಡಂಚಿನ ಒಂಟಿ ಮನೆಯಲ್ಲಿ ರಾತ್ರಿ ಕಳೆಯುವವರ ನಿದ್ದೆ ಕೆಡಲು ಅಷ್ಟು ದೊಡ್ಡ ಘಟನೆ ಬೇಕಾಗಿಲ್ಲ. ಹೆಂಚಿನ ಮೇಲೆ ಬಿದ್ದ ಒಂದು ಕಲ್ಲು ಸಾಕು. ಆ ಕಲ್ಲು ಬಿದ್ದ ಮರುದಿನ ಬೆಳಿಗ್ಗೆ ಗ್ರಾಮ ಪಂಚಾಯಿತಿ ಸದಸ್ಯರು ಏನು ಮಾಡತಕ್ಕದ್ದು ಎಂಬುದೇ ಈ ಪಾಠದ ವಿಷಯ.

ಅಧ್ಯಯನಕ್ಕಾಗಿ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ದೊಡ್ಡಿಯೊಂದರ ಕೊನೆಯ ಮನೆಯಲ್ಲಿ ಅಜ್ಜಿಯೊಬ್ಬರು ಒಬ್ಬರೇ ಇದ್ದಾರೆ. ಮಗ ಸೊಸೆ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದಾರೆ. ಮನೆಯಿಂದ ಐವತ್ತು ಹೆಜ್ಜೆ ದೂರದ ಮೋರಿಕಟ್ಟೆಯ ಮೇಲೆ ಸಂಜೆಯಾದರೆ ಐದಾರು ಹುಡುಗರು ಸೇರುತ್ತಾರೆ. ಮೊದಲು ಬೀದಿದೀಪದ ಬಲ್ಬು ಒಡೆಯಿತು. ಹದಿನೈದು ದಿನದ ನಂತರ ಜಗಲಿಯ ಮೇಲೆ ಬಾಟಲಿ ಚೂರು ಬಿತ್ತು. ಆಮೇಲೆ ನಲ್ಲಿ ಮುರಿಯಿತು, ಹಿತ್ತಲಿನ ಎರಡು ಕೋಳಿ ಕಾಣೆಯಾದವು. ಕೊನೆಗೆ ರಾತ್ರಿ ಹೆಂಚಿನ ಮೇಲೆ ಕಲ್ಲು ಬೀಳತೊಡಗಿದವು. ಅಜ್ಜಿ ಊರಿನ ಹಿರಿಯರಿಗೆ ಹೇಳಿದಾಗ ದೊರೆತ ಉತ್ತರ ಒಂದೇ: “ನಮ್ಮೂರ ಐಕ್ಳೇ ಅಲ್ವಾ, ಬುಡವ್ವ.”

ಈ ಮಾತಿನಲ್ಲಿ ಕೆಡುಕೇನೂ ಇಲ್ಲ, ವಾತ್ಸಲ್ಯವೇ ಇದೆ. ಆದರೆ ಆ ವಾತ್ಸಲ್ಯದ ಬೆಲೆಯನ್ನು ತೆರುವವರು ಹೇಳಿದ ಹಿರಿಯರಲ್ಲ, ಕೇಳಿಸಿಕೊಂಡ ಅಜ್ಜಿ. ಬಲ್ಬು ಒಡೆದ ದಿನ ಇದು ನೂರಿನ್ನೂರು ರೂಪಾಯಿಯ ವಿಷಯವಾಗಿತ್ತು. ಯಾರೂ ಕೇಳಲಿಲ್ಲವೆಂಬುದು ಹುಡುಗರಿಗೆ ಖಚಿತವಾದ ಮೇಲೆ ಬಾಟಲಿ ಬಿತ್ತು. ಅದನ್ನೂ ಕೇಳಲಿಲ್ಲವಾದ್ದರಿಂದ ಕಲ್ಲು ಬಿತ್ತು. ಅಮೆರಿಕದ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ಎಂಬ ವಿದ್ವಾಂಸರು 1982ರಲ್ಲಿ ಬರೆದ ಪ್ರಸಿದ್ಧ ಲೇಖನದ ವಾದವೂ ಇದೇ: ಒಡೆದ ಒಂದು ಕಿಟಕಿಯನ್ನು ದುರಸ್ತಿ ಮಾಡದೆ ಬಿಟ್ಟರೆ, ಇಲ್ಲಿ ಕೇಳುವವರಿಲ್ಲ ಎಂಬ ಸೂಚನೆ ಹೋಗಿ ಉಳಿದ ಕಿಟಕಿಗಳೂ ಒಡೆಯುತ್ತವೆ. ಆ ವಾದವನ್ನು ಹಿಡಿದು ಕೆಲವು ನಗರಗಳಲ್ಲಿ ಪೊಲೀಸರು ಬಡ ಯುವಕರನ್ನು ಸಣ್ಣಪುಟ್ಟ ಕಾರಣಕ್ಕೆ ಬಂಧಿಸಿದ್ದಕ್ಕೆ ತೀವ್ರ ಟೀಕೆಯೂ ಬಂದಿತು. ಗ್ರಾಮ ಪಂಚಾಯಿತಿಗೆ ಬೇಕಾದದ್ದು ಅದರ ಮೊದಲ ಅರ್ಧ ಮಾತ್ರ, ಎಂದರೆ ದುರಸ್ತಿ.

ಮೊದಲ ದಿನದ ಕೆಲಸ

ಸದಸ್ಯರು ಅಂದೇ ಮನೆಗೆ ಹೋಗಬೇಕು. ದೂರವಾಣಿಯಲ್ಲಿ ವಿಚಾರಿಸಿದರೆ ಸಾಲದು. ಸದಸ್ಯರು ಆ ಮನೆಯ ಜಗಲಿಯ ಮೇಲೆ ಹತ್ತು ನಿಮಿಷ ಕುಳಿತದ್ದನ್ನು ಮೋರಿಕಟ್ಟೆಯ ಹುಡುಗರು ನೋಡುವುದೇ ಅರ್ಧ ರಕ್ಷಣೆ. ಗಾಜಿನ ಚೂರನ್ನು ಗುಡಿಸುವ ಮೊದಲು, ಒಡೆದ ಹೆಂಚನ್ನು ಇಳಿಸುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ದಿನಾಂಕ, ಅಂದಾಜು ಸಮಯ, ಒಡೆದ ವಸ್ತುಗಳ ಎಣಿಕೆ, ಅವುಗಳ ಬೆಲೆ, ಆ ಹೊತ್ತಿನಲ್ಲಿ ಮನೆಯೊಳಗೆ ಇದ್ದವರು, ಕಂಡವರು ಅಥವಾ ಸದ್ದು ಕೇಳಿದವರು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯವರ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಕಂಡದ್ದನ್ನು ಕಂಡಂತೆ, ಊಹೆಯನ್ನು ಊಹೆಯೆಂದೇ ಬರೆಯಬೇಕು. ಬೆಟ್ಟಕ್ಕೆ ಬರುವ ಯಾತ್ರಿಕರ ಮೇಲೋ, ಗಡಿಯಾಚೆಯವರ ಮೇಲೋ ಮೊದಲು ಸಂಶಯ ಹೊರಿಸುವುದು ಸುಲಭ. ಅದು ಸಾಮಾನ್ಯವಾಗಿ ಸೋಮಾರಿತನದ ಉತ್ತರವೂ ಹೌದು.

ಬೆಲೆಯನ್ನು ಬರೆಯುವುದಕ್ಕೆ ಕಾರಣವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 324ರಲ್ಲಿ ಸ್ವತ್ತಿಗೆ ಹಾನಿ ಮಾಡುವ ಅಪರಾಧದ ಶಿಕ್ಷೆಯು ಹಾನಿಯ ಮೊತ್ತವನ್ನು ಅನುಸರಿಸಿ ಏರುತ್ತದೆ. ಸಾಮಾನ್ಯ ಹಾನಿಗೆ ಗರಿಷ್ಠ 6 ತಿಂಗಳು. 20,000 ರೂಪಾಯಿಯಿಂದ 1 ಲಕ್ಷ ರೂಪಾಯಿಯೊಳಗಿನ ಹಾನಿಗೆ 2 ವರ್ಷ. 1 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಹಾನಿಗೆ 5 ವರ್ಷ.

ಇಲ್ಲಿ ಅನೇಕ ಸದಸ್ಯರು ಎಡವುವ ಒಂದು ಸ್ಥಳವಿದೆ. ಸಣ್ಣ ಮೊತ್ತದ ಹಾನಿಯು ಅಸಂಜ್ಞೇಯ ಅಪರಾಧವಾದ್ದರಿಂದ, “ಎರಡು ಹೆಂಚು ಒಡೆದಿವೆ” ಎಂದಷ್ಟೇ ಬರೆದುಕೊಟ್ಟರೆ ಪೊಲೀಸರು ನ್ಯಾಯಾಧೀಶರ ಅನುಮತಿಯಿಲ್ಲದೆ ತನಿಖೆ ಆರಂಭಿಸಲಾರರು. ಠಾಣೆಯಲ್ಲಿ ಪ್ರಥಮ ವರ್ತಮಾನ ವರದಿ ದಾಖಲಿಸಲಿಲ್ಲವೆಂಬ ದೂರುಗಳಲ್ಲಿ ಕೆಲವಕ್ಕೆ ಮೂಲ ಇದೇ. ಆದರೆ ಅದೇ ಘಟನೆಯಲ್ಲಿ ಹುಡುಗರು ಮನೆಯೊಳಗೆ ನುಗ್ಗಿದ್ದರೆ ಅದು ಕಲಂ 329ರ ಗೃಹ ಅತಿಕ್ರಮ ಪ್ರವೇಶ. ಒಳಗೆ ಜನ ಮಲಗಿರುವಾಗ ಛಾವಣಿಗೆ ಕಲ್ಲು ತೂರಿದ್ದರೆ ಅದು ಕಲಂ 125ರಂತೆ ಇತರರ ಜೀವಕ್ಕೆ ಅಪಾಯ ತರುವ ಕೃತ್ಯ. ಇವೆರಡೂ ಸಂಜ್ಞೇಯ ಅಪರಾಧಗಳು. ಆದ್ದರಿಂದ ಒಡೆದ ವಸ್ತುವನ್ನು ಮಾತ್ರವಲ್ಲ, ನಡೆದ ಸಂಗತಿಯನ್ನು ಪೂರ್ತಿಯಾಗಿ ಬರೆಯಬೇಕು. ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಬಿಡಬಾರದು.

ಬೀದಿದೀಪ ಮತ್ತು ಸಾರ್ವಜನಿಕ ನಲ್ಲಿ ಪಂಚಾಯಿತಿಯ ಸ್ವತ್ತು. ಅವುಗಳಿಗೆ ಹಾನಿಯಾದರೆ ದೂರು ನೀಡಬೇಕಾದವರು ಅಜ್ಜಿಯಲ್ಲ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು. ಸ್ಥಳೀಯ ಸಂಸ್ಥೆಯ ಸ್ವತ್ತು ಕೂಡ ಸಾರ್ವಜನಿಕ ಆಸ್ತಿಪಾಸ್ತಿಗೆ ಹಾನಿ ತಡೆ ಅಧಿನಿಯಮ, 1984ರ ವ್ಯಾಪ್ತಿಗೆ ಬರುತ್ತದೆ. ಈ ಒಂದು ಅಂಶ ಸಂತ್ರಸ್ತರಿಗೆ ದೊಡ್ಡ ಆಸರೆ: ಪಂಚಾಯಿತಿಯೇ ದೂರುದಾರನಾದಾಗ ಹುಡುಗರ ಮನೆಯವರ ಸಿಟ್ಟು ಒಂಟಿ ಮುದುಕಿಯ ಮೇಲೆ ತಿರುಗುವುದಿಲ್ಲ.

ದೀಪವನ್ನು ಮಾತ್ರ ದೂರು ಇತ್ಯರ್ಥವಾಗುವವರೆಗೆ ಕಾಯಿಸಬಾರದು. ಮಲೆ ಮಹದೇಶ್ವರ ವನ್ಯಜೀವಿಧಾಮದ ಸೆರಗಿನ ಊರುಗಳಲ್ಲಿ ಒಡೆದ ದೀಪವೆಂದರೆ ಕಿಡಿಗೇಡಿಗಳಿಗೆ ಸಿಕ್ಕ ಕತ್ತಲೆ ಮಾತ್ರವಲ್ಲ. ಬೆಳಗಿನ ಜಾವ ಎದ್ದು ಹೊರಗೆ ಹೋಗುವವರಿಗೆ ಎದುರು ನಿಂತ ಆನೆ ಕಾಣಿಸದಂತೆ ಮಾಡುವ ಕತ್ತಲೆಯೂ ಹೌದು. ಹುಡುಗರೊಂದಿಗೆ ಮಾತನಾಡುವಾಗ ಬೈಗುಳಕ್ಕಿಂತ ಈ ಮಾತು ಹೆಚ್ಚು ನಾಟುತ್ತದೆ, ಏಕೆಂದರೆ ಆ ದಾರಿಯಲ್ಲಿ ಅವರ ತಾಯಂದಿರೂ ನಡೆಯುತ್ತಾರೆ.

ಸದಸ್ಯರ ಮೇಲಿರುವ ಕಾನೂನಿನ ಹೊಣೆ

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 34ರಂತೆ ಗ್ರಾಮದ ವ್ಯವಹಾರಗಳಿಗೆ ಸಂಬಂಧಿಸಿದ ಅಧಿಕಾರಿಗಳು, ಗ್ರಾಮದಲ್ಲಿ ಅಥವಾ ಅದರ ಸಮೀಪದಲ್ಲಿ ಜಾಮೀನು ರಹಿತ ಅಪರಾಧ ನಡೆದಿರುವುದು ಇಲ್ಲವೇ ನಡೆಯಲಿರುವುದು ತಿಳಿದಲ್ಲಿ, ಕೂಡಲೇ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣಾಧಿಕಾರಿಗೆ ತಿಳಿಸತಕ್ಕದ್ದು. ಈ ಕಲಮಿನ ವಿವರಣೆಯಲ್ಲಿ ಪಂಚಾಯಿತಿಯ ಸದಸ್ಯರೂ ಸೇರಿದ್ದಾರೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 40ರಲ್ಲಿಯೂ ಇದು ಇತ್ತು, ಓದಿದವರು ಕಡಿಮೆ. ಮನೆಗೆ ಬೆಂಕಿ ಇಡುವ ಬೆದರಿಕೆ, ಕಳ್ಳತನದ ಸಂಚು ಇವು ಕಿವಿಗೆ ಬಿದ್ದೂ ಸುಮ್ಮನಿರುವುದು ಸದಸ್ಯರ ಮಟ್ಟಿಗೆ ಕೇವಲ ಉದಾಸೀನವಲ್ಲ, ಕರ್ತವ್ಯಲೋಪ.

ದೂರು ಸ್ವೀಕರಿಸಲು ಠಾಣೆಯ ಸರಹದ್ದು ಅಡ್ಡಿಯಾಗುವಂತಿಲ್ಲ. ಅದೇ ಸಂಹಿತೆಯ ಕಲಂ 173ರಂತೆ ಅಪರಾಧ ಎಲ್ಲಿಯೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ಎರಡು ರಾಜ್ಯಗಳ ಗಡಿಯಲ್ಲಿರುವ ಪಾಲಾರ್‌ನಂತಹ ಸ್ಥಳಗಳಿಗೆ ಈ ಅವಕಾಶ ಮುಖ್ಯ. ವಿದ್ಯುನ್ಮಾನ ಮಾಧ್ಯಮದ ಮೂಲಕವೂ ದೂರು ಕಳುಹಿಸಬಹುದು, ಆದರೆ 3 ದಿನಗಳೊಳಗೆ ಸಹಿ ಮಾಡಬೇಕು. ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬೇಕು. ಮೊಬೈಲ್ ಸಂಕೇತ ಸಿಗದ ಪೋಡುಗಳಲ್ಲಿ ಸಂಕೇತ ಸಿಗುವ ಜಾಗ ಯಾವುದು, ರಾತ್ರಿ ಅಲ್ಲಿಗೆ ಹೋಗಿ ಕರೆ ಮಾಡುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿರಬೇಕು.

ತೊಂದರೆಗೆ ಒಳಗಾದವರು ಸೋಲಿಗರು ಅಥವಾ ಇತರ ಪರಿಶಿಷ್ಟ ಪಂಗಡ, ಪರಿಶಿಷ್ಟ ಜಾತಿಯವರಾಗಿದ್ದು, ತೊಂದರೆ ಕೊಟ್ಟವರು ಆ ವರ್ಗಗಳಿಗೆ ಸೇರದವರಾಗಿದ್ದರೆ 1989ರ ದೌರ್ಜನ್ಯ ತಡೆ ಅಧಿನಿಯಮ ಅನ್ವಯಿಸಬಹುದು. ಜಾತಿಯ ಹೆಸರು ಹಿಡಿದು ನಿಂದಿಸಿದ್ದರೆ ಆ ಮಾತನ್ನು ದೂರಿನಲ್ಲಿ ಕಾಣಿಸಬೇಕು. ಇಂತಹ ಪ್ರಕರಣವನ್ನು ರಾಜಿಯಲ್ಲಿ ಮುಗಿಸುವಂತೆ ಒತ್ತಡ ಹೇರುವುದು ಸದಸ್ಯರಿಗೆ ಶೋಭಿಸುವುದಿಲ್ಲ.

ಹುಡುಗರ ವಿಷಯ

ಕಲ್ಲೆಸೆದವರು ಯಾರೆಂದು ತಿಳಿದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ ಅವರ ವಯಸ್ಸು. 18 ವರ್ಷ ತುಂಬದವರೆಲ್ಲರೂ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಅಧಿನಿಯಮ, 2015ರ ಪ್ರಕಾರ ಮಕ್ಕಳು. ಅಪರಾಧವು ಘೋರ ಸ್ವರೂಪದ್ದಲ್ಲದಿದ್ದರೆ ಮತ್ತು ವಯಸ್ಕರೊಂದಿಗೆ ಸೇರಿ ಮಾಡಿದ್ದಲ್ಲದಿದ್ದರೆ ಅವರ ಮೇಲೆ ಪ್ರಥಮ ವರ್ತಮಾನ ವರದಿ ದಾಖಲಾಗುವುದಿಲ್ಲ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯು ಠಾಣಾ ದಿನಚರಿಯಲ್ಲಿ ನಮೂದಿಸಿ, ಬಾಲಕನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳುಹಿಸುತ್ತಾರೆ. ಮಂಡಳಿಯು ಬುದ್ಧಿವಾದ ಹೇಳಬಹುದು, ಆಪ್ತಸಮಾಲೋಚನೆಗೆ ಕಳುಹಿಸಬಹುದು, ಸಮುದಾಯ ಸೇವೆಗೆ ಆದೇಶಿಸಬಹುದು, ಪೋಷಕರಿಗೆ ದಂಡ ವಿಧಿಸಬಹುದು.

ಈ ಅಧಿಕಾರ ಮಂಡಳಿಗಿದೆಯೇ ಹೊರತು ಅರಳಿಕಟ್ಟೆಗಿಲ್ಲ. ಹುಡುಗನನ್ನು ಕಂಬಕ್ಕೆ ಕಟ್ಟುವುದು, ಹೊಡೆಯುವುದು, ತಲೆ ಬೋಳಿಸುವುದು, ಕುಟುಂಬದ ಮೇಲೆ ತಪ್ಪುಕಾಣಿಕೆ ಹೇರುವುದು ಇವು ನ್ಯಾಯ ಪಂಚಾಯಿತಿಯ ಹೆಸರಿನಲ್ಲಿ ನಡೆದರೂ ಅಪರಾಧಗಳೇ. ಹಾಗೆ ನಡೆದಾಗ ಮೂಲ ದೂರು ಬಿದ್ದುಹೋಗಿ, ಊರಿನ ಹಿರಿಯರೇ ಆರೋಪಿಗಳಾಗಿ, ಅಜ್ಜಿಯ ಹೆಂಚಿನ ವಿಷಯ ಎಲ್ಲರಿಗೂ ಮರೆತುಹೋಗುತ್ತದೆ. ಬಾಲಕನ ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಅಧಿನಿಯಮದ ಕಲಂ 74ರ ನೇರ ಉಲ್ಲಂಘನೆ; ಅದಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು.

ತಿಳಿವಳಿಕೆಯ ಮಾತು ಬೇಡವೆಂದು ಇದರ ಅರ್ಥವಲ್ಲ. ಪೋಷಕರನ್ನು ಒಬ್ಬೊಬ್ಬರಾಗಿ, ಅವರ ಮನೆಯಲ್ಲಿಯೇ ಕಂಡು ಮಾತನಾಡುವುದು ಲೇಸು. ಗುಂಪಿನ ಮುಂದೆ ಕರೆದರೆ ತಂದೆಯು ಮಾನಕ್ಕಾಗಿ ಮಗನ ಪರ ನಿಲ್ಲುತ್ತಾನೆ. ಹುಡುಗರು ತಾವಾಗಿಯೇ ಒಪ್ಪಿ, ಅಜ್ಜಿಯೂ ಒಪ್ಪಿ, ಹೆಂಚು ಹೊದಿಸಿಕೊಟ್ಟರೆ ಅದಕ್ಕಿಂತ ಒಳ್ಳೆಯ ಪರಿಹಾರವಿಲ್ಲ. ಆದರೆ ಅಜ್ಜಿಗೆ ಅವರನ್ನು ಅಂಗಳದಲ್ಲಿ ಕಾಣುವುದೇ ಭಯವಾದರೆ ಒತ್ತಾಯಿಸಬಾರದು. ದೂರು ಕೊಡುವುದೋ ಬಿಡುವುದೋ ಅವರದೇ ನಿರ್ಧಾರ.

ವಯಸ್ಕರ ದಾರಿ ಬೇರೆ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ದುರ್ವರ್ತನೆ ತೋರಿದವರಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 355ರಲ್ಲಿ ನ್ಯಾಯಾಲಯವು ಸಮುದಾಯ ಸೇವೆಯನ್ನೂ ವಿಧಿಸಬಹುದು. ಮತ್ತೆ ಮತ್ತೆ ಶಾಂತಿ ಕದಡುವವರಿಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 126ರಡಿ ಒಂದು ವರ್ಷದವರೆಗೆ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗಿದೆ.

ಇನ್ನು ಮೋರಿಕಟ್ಟೆಯ ಮೇಲೆ ಬಿದ್ದಿರುವ ಖಾಲಿ ಮದ್ಯದ ಪೊಟ್ಟಣಗಳು ಎಲ್ಲಿಂದ ಬಂದವು? ಈ ಪ್ರಶ್ನೆಯನ್ನು ಕೇಳಲು ಸದಸ್ಯರು ಹಿಂಜರಿಯುವುದುಂಟು, ಏಕೆಂದರೆ ಉತ್ತರ ಕೆಲವೊಮ್ಮೆ ಪರಿಚಿತರ ಪೆಟ್ಟಿಗೆ ಅಂಗಡಿಯವರೆಗೆ ಹೋಗುತ್ತದೆ. ಪರವಾನಗಿಯಿಲ್ಲದೆ ಮದ್ಯ ಮಾರುವುದು ಕರ್ನಾಟಕ ಅಬಕಾರಿ ಅಧಿನಿಯಮ, 1965ರಂತೆ ಅಪರಾಧ. ಮಕ್ಕಳಿಗೆ ಮದ್ಯ ಅಥವಾ ತಂಬಾಕು ನೀಡಿದರೆ ಬಾಲನ್ಯಾಯ ಅಧಿನಿಯಮದ ಕಲಂ 77ರಡಿ 7 ವರ್ಷಗಳವರೆಗೆ ಕಠಿಣ ಸೆರೆವಾಸವಿದೆ. ಹುಡುಗರನ್ನು ಗದರಿಸಿ ಅಂಗಡಿಯನ್ನು ಬಿಟ್ಟರೆ ಮುಂದಿನ ವರ್ಷ ಕಟ್ಟೆಯ ಮೇಲೆ ಬೇರೆ ಹುಡುಗರು ಇರುತ್ತಾರೆ.

ಸಂಜೆ ಆರರಿಂದ ಎಂಟರವರೆಗೆ ಅರಿವು ಕೇಂದ್ರ ತೆರೆದಿರಬಹುದೇ, ಶಾಲಾ ಮೈದಾನದಲ್ಲಿ ವಾಲಿಬಾಲ್ ಬಲೆ ಕಟ್ಟಬಹುದೇ ಎಂಬುದನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳನ್ನೇ ಕೇಳಬೇಕು.

ಮನೆಯ ಭದ್ರತೆ

ಗಟ್ಟಿ ಚಿಲಕ, ಅಂಗಳಕ್ಕೆ ಬೆಳಕು, ಬೀದಿಯಿಂದ ಬಾಗಿಲು ಕಾಣುವಂತೆ ಕತ್ತರಿಸಿದ ಬೇಲಿ, ಹೊರಗೆ ಬಿಡದ ಏಣಿ ಮತ್ತು ಹಾರೆ: ಖರ್ಚು ಕಡಿಮೆ, ಫಲ ಹೆಚ್ಚು. ಕೂಲಿಗಾಗಿ ತಿಂಗಳುಗಟ್ಟಲೆ ಬೀಗ ಹಾಕಿ ಹೋಗುವ ಕುಟುಂಬಗಳು ಹೊರಡುವ ದಿನ, ಮರಳುವ ಅಂದಾಜು ದಿನ, ದೂರವಾಣಿ ಸಂಖ್ಯೆ ಇವನ್ನು ಸದಸ್ಯರಿಗೆ ತಿಳಿಸಿ ಹೋಗುವ ರೂಢಿ ಬೆಳೆಯಬೇಕು. ಈ ಪಟ್ಟಿ ಮತ್ತು ಒಂಟಿಯಾಗಿರುವ ವೃದ್ಧರ ಪಟ್ಟಿಯನ್ನು ಬೀಟ್ ಪೊಲೀಸರಿಗೆ ಕೊಡಬೇಕು. ಸೂಚನಾ ಫಲಕಕ್ಕೆ ಮಾತ್ರ ಅಂಟಿಸಬಾರದು, ಅದು ಕಳ್ಳರಿಗೆ ಕೊಟ್ಟ ಆಹ್ವಾನ. ಅರ್ಧಕ್ಕೆ ನಿಂತ ವಸತಿ ಯೋಜನೆಯ ಮನೆಗಳು ಮತ್ತು ಬಳಕೆಯಲ್ಲಿಲ್ಲದ ಸರ್ಕಾರಿ ಕಟ್ಟಡಗಳು ಕೂಟದ ತಾಣವಾಗದಂತೆ ಬಾಗಿಲು ಹಾಕಿಸಬೇಕು.

ಸಿಟ್ಟಿನಲ್ಲಿ ಮನೆಯ ಸುತ್ತ ತಂತಿ ಎಳೆದು ವಿದ್ಯುತ್ ಹರಿಸುವ ಆಲೋಚನೆ ಯಾರಿಗಾದರೂ ಬಂದರೆ ಸದಸ್ಯರು ಅಂದೇ ತಡೆಯಬೇಕು. ಅದಕ್ಕೆ ಬಲಿಯಾಗುವುದು ಕಲ್ಲೆಸೆದ ಹುಡುಗನಾಗಿರಬಹುದು, ಕರು ಹುಡುಕಿಕೊಂಡು ಬಂದ ನೆರೆಯವಳಾಗಿರಬಹುದು, ಆನೆಯಾಗಿರಬಹುದು. ಮೂರರಲ್ಲಿಯೂ ಸೆರೆಮನೆಗೆ ಹೋಗುವವರು ಮನೆಯ ಯಜಮಾನರೇ.

ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ಇದೇ ತಾಲ್ಲೂಕಿನ ಇಂಡಿಗನತ್ತದಲ್ಲಿ 2024ರ ಏಪ್ರಿಲ್ 26ರಂದು ಮತಗಟ್ಟೆ ಧ್ವಂಸವಾಗಿ 29ರಂದು ಮರುಮತದಾನ ನಡೆಯಿತು. ಮೂಲ ಸೌಕರ್ಯದ ಕೊರತೆಯಿಂದ ಹುಟ್ಟಿದ ಆ ಆಕ್ರೋಶವೂ ಕಟ್ಟೆಯ ಮೇಲಿನ ಹುಡುಗಾಟವೂ ಒಂದೇ ಅಲ್ಲ, ಒಂದೇ ಮದ್ದಿನಿಂದ ವಾಸಿಯಾಗುವುದೂ ಇಲ್ಲ. ಆದರೂ ಎರಡರಲ್ಲಿಯೂ ಕೇಳಬೇಕಾದವರು ಸಕಾಲದಲ್ಲಿ ಕೇಳಿದ್ದರೆ ಎಂಬ ಪ್ರಶ್ನೆ ಉಳಿಯುತ್ತದೆ.

ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಲು: ಪ್ರತಿ ವಾರ್ಡಿನಲ್ಲಿ ಒಂಟಿಯಾಗಿ ವಾಸಿಸುವ ವೃದ್ಧರು ಎಷ್ಟು ಮಂದಿ, ಅವರ ಮನೆಯ ಮುಂದಿನ ದೀಪ ಉರಿಯುತ್ತಿದೆಯೇ? ಒಡೆದ ದೀಪವನ್ನು ಎಷ್ಟು ದಿನದೊಳಗೆ ಬದಲಿಸಲಾಗುತ್ತಿದೆ? ವ್ಯಾಪ್ತಿಯ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಹೆಸರು ಮತ್ತು ದೂರವಾಣಿ ಸಂಖ್ಯೆ ಸದಸ್ಯರ ಬಳಿ ಇದೆಯೇ? ದೂರು ಬಂದ ಮನೆಗೆ ಎಂಟನೆಯ ದಿನ ಮರಳಿ ಹೋಗಿ ವಿಚಾರಿಸುವ ಹೊಣೆ ಯಾರದು?