ಗೈಡ್ ಸಿಕ್ಕಿದ್ದಾರಾ? ಹಾಗಾದರೆ ಇಷ್ಟು ಕೇಳಿಸಿಕೊಳ್ಳಿ

ಬಿ.ಎಸ್ಸಿ. ಓದುತ್ತಿರುವಾಗಲೇ ರಸಾಯನಶಾಸ್ತ್ರದ ಪ್ರೊಫೆಸರೊಬ್ಬರು ನಿಮ್ಮನ್ನು ತಮ್ಮ ಲ್ಯಾಬಿಗೆ ಸೇರಿಸಿಕೊಂಡಿದ್ದಾರೆ ಅಂದರೆ ತುಂಬ ಸಂತೋಷ. ಆದರೆ ಒಂದು ಮಾತು ಮೊದಲೇ ತಲೆಗೆ ಹಾಕಿಕೊಳ್ಳಿ: ನಿಮ್ಮಿಂದ ಅವರ ಕೆಲಸ ಹಗುರವಾಗುವುದಿಲ್ಲ, ಹೆಚ್ಚುತ್ತದೆ. ಪಿಎಚ್.ಡಿ. ಮಾಡುವವರು ವರ್ಷಗಟ್ಟಲೆ ಜೊತೆಗಿರುತ್ತಾರೆ, ಪ್ರಬಂಧ ಬರೆಯುತ್ತಾರೆ. ನೀವು ಬರುವುದು ಬೇಸಿಗೆ ರಜೆಯ ಕೆಲವು ವಾರಗಳಿಗೆ. ಪಿಪೆಟ್ ಸರಿಯಾಗಿ ಹಿಡಿಯುವುದು ಕಲಿಯುವಷ್ಟರಲ್ಲಿ ಕಾಲೇಜು ಶುರುವಾಗಿರುತ್ತದೆ. ಇದೆಲ್ಲ ಗೊತ್ತಿದ್ದೂ ಅವರು ನಿಮಗೆ ಸಮಯ ಕೊಡುತ್ತಿದ್ದಾರೆ. ಆ ಸಮಯವನ್ನು ಪೋಲು ಮಾಡಬೇಡಿ.

ಇಂಥ ಮೇಷ್ಟ್ರೊಬ್ಬರ ವಿಷಯ ಹೇಳುತ್ತೇನೆ. ಅಮೆರಿಕದ ಒಹಾಯೋ ರಾಜ್ಯದಲ್ಲಿ ಓಬರ್ಲಿನ್ ಅಂತ ಒಂದು ಕಾಲೇಜಿದೆ. ಜರ್ಮನಿಯ ಗೊಟಿಂಗೆನ್‌ನಲ್ಲಿ ಓದಿ, ಟೋಕಿಯೊದಲ್ಲಿ ಪಾಠ ಮಾಡಿದ್ದ ಫ್ರ್ಯಾಂಕ್ ಜೂಯೆಟ್ 1880ರಲ್ಲಿ ಅಲ್ಲಿಗೆ ಬಂದರು. ಅಲ್ಯೂಮಿನಿಯಂ ಆಗ ಬೆಳ್ಳಿಯಷ್ಟು ತುಟ್ಟಿ. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಕೂರಿಸಲು ಅದನ್ನೇ ಆರಿಸಿದ್ದರು ಅಂದರೆ ನೀವೇ ಲೆಕ್ಕ ಹಾಕಿ. ಇದನ್ನು ಅಗ್ಗವಾಗಿ ತಯಾರಿಸುವವರಿಂದ ಲೋಕಕ್ಕೆ ಉಪಕಾರವಾಗುತ್ತದೆ, ಅವರಿಗೂ ದುಡ್ಡಾಗುತ್ತದೆ ಎಂದು ಜೂಯೆಟ್ ತರಗತಿಯಲ್ಲಿ ಹೇಳುತ್ತಿದ್ದರಂತೆ. ಕೇಳುತ್ತ ಕೂತಿದ್ದವರಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್ ಎಂಬ ಹುಡುಗ ಒಬ್ಬ. ಮೇಷ್ಟ್ರು ಅವನಿಗೆ ತಮ್ಮ ಲ್ಯಾಬಿನಲ್ಲಿ ಜಾಗ ಕೊಟ್ಟರು, ಸಾಮಾನು ಎರವಲು ಕೊಟ್ಟರು. ಅವನು 1885ರಲ್ಲಿ ಡಿಗ್ರಿ ಮುಗಿಸಿ ಮನೆಯ ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಪ್ರಯೋಗ ಹೂಡಿದ ಮೇಲೂ ಬೆನ್ನಿಗೆ ನಿಂತರು.

ನಿಮ್ಮಲ್ಲಿ ಎಷ್ಟೋ ಜನ ರಿಸಲ್ಟ್ ಬರದಿದ್ದರೆ ಗೈಡ್ ಮುಖ ನೋಡಲು ಹೆದರಿ ವಾರಗಟ್ಟಲೆ ತಲೆ ಮರೆಸಿಕೊಳ್ಳುತ್ತೀರಿ. ಇದು ಬಹಳ ಕೆಟ್ಟ ಅಭ್ಯಾಸ. ವೈದ್ಯರ ಹತ್ತಿರ, ವಕೀಲರ ಹತ್ತಿರ ಮುಚ್ಚಿಡಬಾರದು ಅನ್ನುತ್ತಾರಲ್ಲ, ಆ ಸಾಲಿಗೆ ಗೈಡನ್ನೂ ಸೇರಿಸಿಕೊಳ್ಳಿ. ಹಾಲ್ ಕೂಡ ಮೊದಲಿಗೆ ಸೋತವನೇ. ಕರಗಿಸಿದ ಕ್ರಯೋಲೈಟ್‌ನಲ್ಲಿ ಅಲ್ಯೂಮಿನಾ ಬೆರೆಸಿ ವಿದ್ಯುತ್ ಹಾಯಿಸಿದರೂ ಲೋಹ ಬರಲಿಲ್ಲ. ತಪ್ಪು ಮೂಸೆಯಲ್ಲಿತ್ತು. ಮಣ್ಣಿನ ಮೂಸೆಯ ಗೋಡೆಯಿಂದ ಸಿಲಿಕಾ ಕರಗಿ ಬಂದು ಎಲ್ಲ ಕೆಡಿಸುತ್ತಿತ್ತು. ಒಳಗೆ ಇಂಗಾಲದ ಪದರ ಕೊಟ್ಟು ನೋಡಿದಾಗ, 1886ರ ಫೆಬ್ರವರಿ 23ರಂದು ಬೆಳ್ಳಗಿನ ಚಿಕ್ಕ ಚಿಕ್ಕ ಗುಂಡುಗಳು ಸಿಕ್ಕವು. ಅವನ್ನು ಹಿಡಿದುಕೊಂಡು ಹೋಗಿದ್ದು ಜೂಯೆಟ್ ಅವರ ಹತ್ತಿರ. ನೀವೂ ಹೋಗಿ. ಗುಂಡು ಸಿಗದಿದ್ದ ದಿನವೂ ಹೋಗಿ, ಏನು ಹಾಕಿದಿರಿ, ಎಷ್ಟು ಬಿಸಿ ಮಾಡಿದಿರಿ, ಯಾವ ಬಣ್ಣಕ್ಕೆ ತಿರುಗಿತು ಅಂತ ಬಿಡಿಸಿ ಹೇಳಿ. ತಾಳಿದವನು ಬಾಳಿಯಾನು.

ಇನ್ನು ನೋಟ್‌ಬುಕ್ಕಿನ ವಿಷಯ. ಇಲ್ಲಿ ಸ್ವಲ್ಪ ಗದರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟಿಶ್ಯೂ ಪೇಪರ್ ಮೇಲೆ, ಅಂಗೈ ಮೇಲೆ, ಬಸ್ ಟಿಕೆಟ್ಟಿನ ಹಿಂದೆ ತೂಕ ಬರೆದುಕೊಳ್ಳುವುದು, ಸಂಜೆ ರೂಮಿಗೆ ಹೋಗಿ ನೀಟಾಗಿ ಪ್ರತಿ ಮಾಡುವುದು, ಇದೆಂಥ ಪದ್ಧತಿ? ಹೊಲಿಗೆ ಹಾಕಿದ ಪುಸ್ತಕದಲ್ಲಿ, ಪೆನ್ನಿನಲ್ಲಿ, ತಾರೀಖು ಹಾಕಿ, ತಕ್ಕಡಿಯ ಮುಂದೆ ನಿಂತೇ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆಯಿರಿ, ಹಾಳೆ ಹರಿಯಬೇಡಿ. ತಾರೀಖು ಯಾಕೆ ಮುಖ್ಯ ಅಂತ ಹಾಲ್‌ನ ಕಥೆಯಲ್ಲೇ ನೋಡಿ. 1886ರಲ್ಲೇ ಫ್ರಾನ್ಸಿನಲ್ಲಿ ಪಾಲ್ ಎರೂ ಎಂಬ ಇನ್ನೊಬ್ಬ ಯುವಕ ಅದೇ ವಿಧಾನ ಕಂಡುಹಿಡಿದು ಪೇಟೆಂಟಿಗೆ ಹಾಲ್‌ಗಿಂತ ಮೊದಲೇ ಅರ್ಜಿ ಹಾಕಿದ್ದ. ಅಮೆರಿಕದಲ್ಲಿ ಹಾಲ್‌ನ ಪಾಲು ಉಳಿದದ್ದು ದಿನಾಂಕದ ಪುರಾವೆಯಿಂದ. ಅವನ ಅಕ್ಕ ಜೂಲಿಯಾ ಓಬರ್ಲಿನ್‌ನಲ್ಲೇ ರಸಾಯನಶಾಸ್ತ್ರ ಓದಿದವಳು, ಪ್ರಯೋಗ ಕಣ್ಣಾರೆ ಕಂಡವಳು. ಅವಳ ಸಾಕ್ಷ್ಯವೂ ತಾರೀಖಿರುವ ಪತ್ರಗಳೂ ನೆರವಿಗೆ ಬಂದವು. 1889ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಅಲ್ಯೂಮಿನಿಯಂ ತೆಗೆಯುವುದು ಆ ಇಬ್ಬರ ಹೆಸರಿನ ವಿಧಾನದಲ್ಲೇ. ನಿಮ್ಮ ಅಡುಗೆಮನೆಯ ಪಾತ್ರೆ ಬಂದದ್ದೂ ಹಾಗೆಯೇ.

ಸಣ್ಣಪುಟ್ಟದ್ದು ಇನ್ನಷ್ಟಿದೆ. ಕನ್ನಡಕ ಹಣೆ ಮೇಲಲ್ಲ, ಕಣ್ಣಿಗೆ ಹಾಕಿಕೊಳ್ಳಿ. ಜಡೆ ಕಟ್ಟಿ, ದುಪ್ಪಟ್ಟಾ ಇಳಿಬಿಡಬೇಡಿ, ಚಪ್ಪಲಿಯಲ್ಲಿ ಲ್ಯಾಬಿಗೆ ಬರಬೇಡಿ. ಆಸಿಡ್‌ಗೆ ನೀರು ಸುರಿಯಬಾರದು, ನೀರಿಗೆ ಆಸಿಡ್ ನಿಧಾನವಾಗಿ ಹಾಕಬೇಕು ಅಂತ ಗೊತ್ತಿದ್ದೂ ಅವಸರದಲ್ಲಿ ಮರೆಯುತ್ತೀರಿ. ಆತುರಗಾರನಿಗೆ ಬುದ್ಧಿ ಮಟ್ಟ. ರಾತ್ರಿ ಒಬ್ಬರೇ ಪ್ರಯೋಗ ಮಾಡಬೇಡಿ, ಗೈಡ್ ಒಪ್ಪಿದರೂ ಬೇಡ. ನೀವು ಬಳಸಿದ ಬೀಕರನ್ನು ನೀವೇ ತೊಳೆಯಿರಿ.

ಇನ್ನೂ ಗೈಡ್ ಸಿಗದವರಿಗೆ: ಒಂದೇ ಪತ್ರವನ್ನು ಊರ ಪ್ರೊಫೆಸರರಿಗೆಲ್ಲ ಕಳಿಸಬೇಡಿ. ಒಬ್ಬರ ಒಂದು ಪ್ರಬಂಧವನ್ನಾದರೂ ಓದಿ, ಅರ್ಥವಾಗದ್ದನ್ನು ನೇರವಾಗಿ ಕೇಳಿ ಬರೆಯಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ ನಡೆಸುವ ಬೇಸಿಗೆ ಫೆಲೋಶಿಪ್‌ಗಳಿಗೆ ಬೇಸಿಗೆ ಬಂದ ಮೇಲೆ ಓಡಾಡಿದರೆ ಆಗದು. ತಿಂಗಳುಗಳ ಮೊದಲೇ ಪ್ರಕಟಣೆ ಹುಡುಕಿ. ಗಾಳಿ ಬಂದಾಗ ತೂರಿಕೊಳ್ಳಬೇಕು.

ಪ್ರಾಜೆಕ್ಟ್ ಮುಗಿಸಿ ಹೊರಡುವಾಗ ಸರ್ಟಿಫಿಕೇಟ್ ಒಂದೇ ನೆನಪಿಟ್ಟುಕೊಳ್ಳಬೇಡಿ. ನೀವು ಮಾಡಿಟ್ಟ ಪ್ರತಿ ಬಾಟಲಿಗೂ ಹೆಸರು, ತಾರೀಖು ಬರೆದ ಚೀಟಿ ಅಂಟಿಸಿ. ನೋಟ್‌ಬುಕ್ಕನ್ನು ಲ್ಯಾಬಿಗೇ ಒಪ್ಪಿಸಿ, ಮುಂದೆ ಬರುವವರಿಗೆ ಬೇಕಾಗುತ್ತದೆ. ಮತ್ತೆ, ಎಂ.ಎಸ್ಸಿ.ಗೆ ಶಿಫಾರಸು ಪತ್ರ ಬೇಕಾದಾಗ ಕೊನೆಯ ದಿನದ ಹಿಂದಿನ ರಾತ್ರಿ ಫೋನು ಮಾಡಬೇಡಿ. ಎರಡು ಮೂರು ವಾರ ಮೊದಲೇ ಹೋಗಿ, ಕೂತು ಮಾತಾಡಿ ಕೇಳಿ.