ಅಳತೆಯ ತಿರುಪಿಗೆ ಕೈ ಹಾಕುವ ಮುನ್ನ

ಮಗನೇ,

ತೋಟಾ ಕಟ್ಟುವ ಪ್ರೆಸ್ಸಿನ ಮೇಲೆಲ್ಲ ಮದ್ದು ಚೆಲ್ಲುತ್ತಿದೆ, ಒಂದು ತೋಟಾಕ್ಕೆ ಬಿದ್ದಷ್ಟು ಇನ್ನೊಂದಕ್ಕೆ ಬೀಳುತ್ತಿಲ್ಲ ಎಂದೆಯಲ್ಲ. ಅದಕ್ಕೆ ನೀನು ಮಾಡಿದ ಮೊದಲ ಕೆಲಸ ಅಳತೆಯ ತಿರುಪನ್ನು ತಿರುಗಿಸಿದ್ದು. ಇನ್ನು ಮುಂದೆ ಅದು ಕೊನೆಯ ಕೆಲಸವಾಗಲಿ. ತಿರುಪು ತಾನಾಗಿ ಕದಲುವುದು ಅಪರೂಪ. ಕಾರಣ ಗೊತ್ತಾಗದೆ ಅದನ್ನು ಮುಟ್ಟಿದರೆ ಇದ್ದ ದೋಷದ ಮೇಲೆ ಇನ್ನೊಂದು ದೋಷ ಕೂರುತ್ತದೆ, ಆಮೇಲೆ ಎರಡನ್ನೂ ಬಿಡಿಸುವುದು ಕಷ್ಟ.

ಡಿಲನ್ ಇರಲಿ, ಹಾರ್ನಡಿ ಇರಲಿ, ಲೀ ಇರಲಿ, ಪ್ರೊಗ್ರೆಸಿವ್ ಪ್ರೆಸ್ಸಿನ ಮೇಲಿರುವ ಪೌಡರ್ ಮೆಷರ್ ಮದ್ದನ್ನು ತೂಗುವುದಿಲ್ಲ, ಅಳೆಯುತ್ತದೆ. ನಿನ್ನ ಅಜ್ಜಿ ಪಾವಿನಲ್ಲಿ ಅಕ್ಕಿ ಅಳೆಯುತ್ತಿದ್ದರಲ್ಲ, ಅದೇ ಲೆಕ್ಕ: ಪಾವನ್ನು ಕುಲುಕಿದರೆ ಇನ್ನೊಂದು ಹಿಡಿ ಹಿಡಿಸುತ್ತದೆ. ಹಿಡಿಕೆಯನ್ನು ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ಎಳೆದರೆ, ಬೆಂಚು ಅಲುಗಾಡಿದರೆ, ಹಾಪರ್ ಎನ್ನುವ ಮೇಲಿನ ಡಬ್ಬಿಯಲ್ಲಿ ಮದ್ದು ತಳಕ್ಕಿಳಿದರೆ, ಅಷ್ಟಕ್ಕೇ ತೂಕ ಬದಲಾಗುತ್ತದೆ. ಹಾಗಾಗಿ ಮೊದಲು ಬೆಂಚಿನ ಬೋಲ್ಟ್ ಬಿಗಿ ಮಾಡು. ಆಮೇಲೆ ನಿನ್ನ ಕೈ ನೋಡಿಕೋ.

ಮದ್ದಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ವಿಂಚೆಸ್ಟರ್ 231ರಂಥ ಸಣ್ಣ ಬಾಲ್ ಪೌಡರ್ ನೀರಿನ ಹಾಗೆ ಹರಿಯುತ್ತದೆ. ಯೂನಿಕ್‌ನಂಥ ಚಕ್ಕೆ ಚಕ್ಕೆ ಮದ್ದು ಗಂಟಲಲ್ಲಿ ಒಂದಕ್ಕೊಂದು ಅಡ್ಡ ನಿಂತು ಕಮಾನು ಕಟ್ಟುತ್ತದೆ. ಕಡ್ಡಿಯಂಥ ರೈಫಲ್ ಮದ್ದಾದರೆ ಅಳತೆಯ ಅಂಚಿಗೆ ಸಿಕ್ಕಿ ಕಚಕ್ ಎಂದು ತುಂಡಾಗುವುದು ಕೈಗೇ ಗೊತ್ತಾಗುತ್ತದೆ. ಯೂನಿಕ್ ಹಳೆಯ ಮದ್ದು, ಒಳ್ಳೆಯ ಮದ್ದು. ಆದರೆ ಕಲಿಯುವವನಿಗೆ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ.

ಈಗ ಒಂದು ಕೆಲಸ ಮಾಡು. ಡಬ್ಬಿಯನ್ನು ಅರ್ಧಕ್ಕಿಂತ ಮೇಲೆ ತುಂಬಿ, ಮದ್ದು ಕೂರುವ ತನಕ ಕೆಲವು ಸಲ ಎಳೆದು, ಬಿದ್ದಿದ್ದನ್ನು ಡಬ್ಬಿಗೇ ವಾಪಸು ಹಾಕು. ಆಮೇಲೆ ಹತ್ತು ಸಲ ಎಳೆದು ಒಂದೊಂದನ್ನೂ ಬೇರೆ ಬೇರೆಯಾಗಿ ತೂಗಿ, ಬಿದ್ದ ಕ್ರಮದಲ್ಲೇ ಬರೆದಿಡು. ಹತ್ತನ್ನೂ ಒಟ್ಟಿಗೆ ಸುರಿದು ಹತ್ತರಿಂದ ಭಾಗಿಸುವ ಜಾಣತನ ಬೇಡ, ಸರಾಸರಿ ದೋಷವನ್ನು ಮುಚ್ಚಿಹಾಕುತ್ತದೆ. ಒಂದು ಕಡಿಮೆ ಬಿದ್ದು ಅದರ ಮುಂದಿನದು ಅಷ್ಟೇ ಹೆಚ್ಚು ಬಿದ್ದಿದ್ದರೆ ಮದ್ದು ಫನೆಲಿನಲ್ಲಿ ಸಿಕ್ಕಿಕೊಂಡು ತಡವಾಗಿ ಇಳಿಯುತ್ತಿದೆ. ಒಂದೇ ಸಮ ಇಳಿಯುತ್ತಾ ಹೋದರೆ ಡಬ್ಬಿ ಖಾಲಿಯಾಗುತ್ತಿದೆ. ತಾಳ ತಪ್ಪಿ ಮೇಲೆ ಕೆಳಗೆ ಆಗುತ್ತಿದ್ದರೆ ಕೈಯನ್ನೋ, ಮದ್ದನ್ನು ಅಳೆದು ತರುವ ಪೌಡರ್ ಬಾರನ್ನೋ ಅನುಮಾನಿಸು. ಬಾರು ಪ್ರತಿ ಸಲವೂ ಪೂರ್ತಿ ಹಿಂದಕ್ಕೆ ಬರುತ್ತಿದೆಯೇ ಎಂದು ಬಗ್ಗಿ ನೋಡು. ಮದ್ದಿನ ಪುಡಿ ಸೇರಿದ್ದರೆ, ಎಣ್ಣೆ ತಾಗಿದ್ದರೆ ಅದು ತಡೆಯುತ್ತದೆ. ಆ ಜಾಗಕ್ಕೆ ಎಣ್ಣೆ ಹಾಕಲೇ ಕೂಡದು, ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ನೀನಿರುವ ಅರಿಜೋನಾದ ಒಣ ಹವೆಗೆ ಸ್ಥಾಯೀ ವಿದ್ಯುತ್ತೂ ಸೇರಿಕೊಂಡು, ಮದ್ದಿನ ಕಣಗಳು ಪ್ಲಾಸ್ಟಿಕ್ಕಿಗೆ ಅಂಟಿ ನಿಲ್ಲುತ್ತವೆ.

ತಕ್ಕಡಿಯನ್ನೇ ನಂಬಿ ಕೂರಬೇಡ. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ; ಒಂದು ಗ್ರೇನ್ ಎಂದರೆ ಪೌಂಡಿನ 7000ದಲ್ಲಿ ಒಂದು ಪಾಲು, ಸುಮಾರು 0.065 ಗ್ರಾಂ. ನಿನ್ನ ಡಿಜಿಟಲ್ ತಕ್ಕಡಿ ಅದರ ಹತ್ತನೇ ಒಂದು ಭಾಗ ತೋರಿಸುತ್ತೇನೆ ಎನ್ನುತ್ತದೆ. ಅಷ್ಟು ಸೂಕ್ಷ್ಮಕ್ಕೆ ಫ್ಯಾನಿನ ಗಾಳಿ ಸಾಕು ಕೆಡಿಸಲು. ಫ್ಯಾನ್ ನಿಲ್ಲಿಸು, ತಕ್ಕಡಿ ಬೆಚ್ಚಗಾಗಲು ಬಿಡು, ತೂಕದ ಬಿಲ್ಲೆ ಇಟ್ಟು ಪರೀಕ್ಷಿಸು.

ಇನ್ನು ಚೆಲ್ಲುವ ವಿಚಾರ. ಒರೆಸುವ ಮುಂಚೆ, ಎಲ್ಲಿ ಚೆಲ್ಲಿದೆ ಎಂದು ನೋಡು. ಮದ್ದು ಬೀಳುವ ಸ್ಟೇಷನ್ನಿಗೂ ಗುಂಡು ಕೂರಿಸುವ ಸ್ಟೇಷನ್ನಿಗೂ ನಡುವೆ ಹರಡಿದ್ದರೆ ಮೆಷರಿನ ತಪ್ಪಿಲ್ಲ. ಹಿತ್ತಾಳೆ ಕೇಸುಗಳನ್ನು ಹಿಡಿದಿರುವ ಶೆಲ್‌ಪ್ಲೇಟ್ ತಿರುಗಿ ಟಕ್ಕೆಂದು ನಿಲ್ಲುವಾಗ ಕೇಸಿನಿಂದ ಮದ್ದು ಹಾರುತ್ತಿದೆ. ಕಂಠದ ತನಕ ತುಂಬುವ ಮದ್ದಾದರೆ ಇನ್ನೂ ಹೆಚ್ಚು. ಹಲವು ಪ್ರೆಸ್ಸುಗಳಲ್ಲಿ ಪ್ಲೇಟಿನ ಅಡಿಯಲ್ಲಿ ಒಂದು ಸಣ್ಣ ಬಾಲ್, ಅದರ ಕೆಳಗೆ ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗ್ ಗಡುಸಾಗಿದ್ದರೆ ಆ ಏಟು ಬಲವಾಗುತ್ತದೆ, ಅನೇಕರು ಮೆತ್ತನೆಯದನ್ನು ಹಾಕಿಕೊಳ್ಳುತ್ತಾರೆ. ಪ್ಲೇಟಿನ ಬೋಲ್ಟ್ ಸಡಿಲವಾದರೆ ಪ್ಲೇಟು ಓಲಾಡುತ್ತದೆ, ಅತಿ ಬಿಗಿಯಾದರೆ ಅಂಟಿ ಅಂಟಿ ಜಿಗಿಯುತ್ತದೆ. ಇದೆಲ್ಲಕ್ಕಿಂತ ಮೊದಲು, ಹಿಡಿಕೆಯ ಕೊನೆಯ ನಾಲ್ಕು ಬೆರಳಿನಷ್ಟು ದೂರವನ್ನು ನಿಧಾನಕ್ಕೆ ಬಿಟ್ಟು ನೋಡು.

ನೇರ ಪೌಡರ್ ಡೈ ಕೆಳಗೇ ಚೆಲ್ಲಿದ್ದರೆ ಕೇಸಿನ ಬಾಯಿ ಫನೆಲಿಗೆ ಸರಿಯಾಗಿ ಕೂತಿಲ್ಲ. ಡೈ ಮೇಲಾಗಿರಬಹುದು. ಇಲ್ಲವೇ ನೀನು ರೇಂಜಿನಲ್ಲಿ ಆಯ್ದು ತಂದ ಹಿತ್ತಾಳೆಯಲ್ಲಿ .380 ಕೇಸು ಸೇರಿಕೊಂಡಿರಬಹುದು. ನಿನ್ನ 9 ಎಂ.ಎಂ. ಕೇಸಿನ ಉದ್ದ 19 ಮಿಲಿಮೀಟರ್, ಅದರದ್ದು 17. ಮೇಲುನೋಟಕ್ಕೆ ಅಣ್ಣ ತಮ್ಮ. ಕೇಸು ಒತ್ತಿದರಷ್ಟೇ ಮದ್ದು ಸುರಿಯುವ ಮೆಷರಿಗೆ ಆ ಎರಡು ಮಿಲಿಮೀಟರ್ ಸಾಲದೆ ಅರೆಬರೆ ಸುರಿಯುತ್ತದೆ.

ಚೆಲ್ಲಿದ ಮದ್ದನ್ನು ಬ್ರಷ್ಷಿನಿಂದ ಗುಡಿಸಿ ತೆಗೆ. ವ್ಯಾಕ್ಯೂಮ್ ಕ್ಲೀನರ್ ಹತ್ತಿರ ತರಬೇಡ, ಅದರ ಮೋಟಾರಿನ ಕಿಡಿಗೆ ಮದ್ದು ಹೊತ್ತಿಕೊಳ್ಳಬಹುದು. ಮದ್ದಿಗೆ ಕಿಡಿ ಕೊಡುವ ಪ್ರೈಮರನ್ನು ಕೂರಿಸುವ ಕಪ್ಪಿನೊಳಗೆ ಮುಖ್ಯವಾಗಿ ನೋಡು. ಅಲ್ಲಿ ನಾಲ್ಕು ಕಾಳು ಸೇರಿದರೂ ಪ್ರೈಮರ್ ಸೊಟ್ಟಗೆ ಕೂರುತ್ತದೆ. ಆಗ ಹಿಡಿಕೆಯ ಮೇಲೆ ಮೈಭಾರ ಹಾಕಿ ಒತ್ತುವವರನ್ನು ನೋಡಿದ್ದೇನೆ. ಹಾಗೆ ಯಾವತ್ತೂ ಮಾಡಬೇಡ. ಗಟ್ಟಿಯಾದರೆ ನಿಲ್ಲಿಸಿ ನೋಡಬೇಕು, ಒತ್ತಬಾರದು.

ನಡುವೆ ನಿಲ್ಲಿಸಿದಾಗಲೇ ಅಪಾಯ ಇರುವುದು. ಯಾವುದೋ ಸಿಕ್ಕಿಕೊಂಡಿತು ಎಂದು ಹಿಡಿಕೆಯನ್ನು ಅರ್ಧಕ್ಕೆ ವಾಪಸು ತಂದು ಮತ್ತೆ ಎಳೆದರೆ ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳಬಹುದು. ಪಿಸ್ತೂಲಿನ ವೇಗದ ಮದ್ದು ಅರ್ಧ ಕೇಸನ್ನೂ ತುಂಬದೆ ಇರುವುದರಿಂದ ಎರಡು ಪಾಲೂ ಚೆಲ್ಲದೆ ಹಿಡಿಸಿಬಿಡುತ್ತದೆ. ಮದ್ದೇ ಬೀಳದಿದ್ದರೆ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯಲ್ಲಿ ಸಿಕ್ಕಿ ನಿಲ್ಲುತ್ತದೆ, ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯಬಹುದು. ಎಡವಟ್ಟಾದ ಗಳಿಗೆಯಲ್ಲಿ ಪ್ಲೇಟಿನ ಮೇಲಿರುವ ಕೇಸುಗಳನ್ನೆಲ್ಲ ತೆಗೆದು, ಒಳಗಿನ ಮದ್ದನ್ನು ಹೊರಗೆ ಸುರಿದು, ಮೊದಲಿಂದ ಶುರು ಮಾಡು. ಗುಂಡು ಕೂರಿಸುವ ಮುಂಚೆ ಪ್ರತಿ ಕೇಸಿನೊಳಗೂ ಕಣ್ಣು ಹಾಯುವಂತೆ ಪ್ರೆಸ್ಸಿಗೆ ಒಂದು ಎಲ್‌ಇಡಿ ದೀಪ ಸಿಕ್ಕಿಸಿಕೋ. ಆ ಕೆಲಸದಲ್ಲಿ ಫೋನ್ ಬಂದರೆ ಎತ್ತಬೇಡ, ನನ್ನದಾದರೂ ಸರಿ.

ಬೆಂಚಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ. ಕೆಲಸ ಮುಗಿದ ಮೇಲೆ ಹಾಪರಿನಲ್ಲಿ ಉಳಿದದ್ದನ್ನು ಅದರದ್ದೇ ಡಬ್ಬಿಗೆ ಸುರಿ. ಹಾಗೇ ಬಿಟ್ಟರೆ ಕೆಲವು ಮದ್ದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಮುಂದಿನ ತಿಂಗಳು ಅದು ಯಾವ ಮದ್ದು ಎಂದು ನಿನಗೇ ನೆನಪಿರುವುದಿಲ್ಲ. ಗುರುತು ಸಿಗದ್ದನ್ನು ಎಸೆಯಬೇಕು, ಊಹಿಸಿ ಬಳಸಬಾರದು. ಹಾಗೆಯೇ ಇದನ್ನೆಲ್ಲ ಕಲಿತೆ ಎಂದು ರಜೆಗೆ ಊರಿಗೆ ಹೋದಾಗ ಅಲ್ಲಿ ತೋಟಾ ಕಟ್ಟಲು ಕೂರಬೇಡ. ಭಾರತದಲ್ಲಿ 1959ರ ಆಯುಧ ಕಾಯ್ದೆ ಇದೆ, ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ.

ಆ ಹತ್ತು ತೂಕಗಳನ್ನು ಕ್ರಮ ತಪ್ಪಿಸದೆ ಬರೆದು ಕಳಿಸು. ಭಾನುವಾರ ಇಬ್ಬರೂ ಕೂತು ನೋಡೋಣ. ಅಲ್ಲಿಯ ತನಕ ತಿರುಪು ಇದ್ದಲ್ಲೇ ಇರಲಿ.

ನಿನ್ನ ದೊಡ್ಡಪ್ಪ