ತೂಕ ಇಳಿಸುವ ಹೊಸ ಶಸ್ತ್ರಚಿಕಿತ್ಸೆ: ಅನುಭವ ಕಲಿಸಿದ್ದು

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಎದುರಿಸುವ ನೈತಿಕ ಪ್ರಶ್ನೆಗಳು ಅದರ ಮೊದಲ ವಿಧಾನದಲ್ಲೇ ಎದ್ದಿದ್ದವು. 1950ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ಜೆಜುನೋಇಲಿಯಲ್ ಬೈಪಾಸ್‌ನಲ್ಲಿ ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ತಪ್ಪಿಸಿ, ಅದರ ಮೇಲಿನ ತುಂಡನ್ನು ಕೊನೆಯ ತುಂಡಿಗೆ ಜೋಡಿಸುತ್ತಿದ್ದರು. ತಿಂದದ್ದು ಮೈಗೆ ಹತ್ತದೆ ಹೊರಹೋಗುತ್ತಿತ್ತು, ತೂಕವೂ ಇಳಿಯುತ್ತಿತ್ತು. ಸಾವಿರಾರು ಜನ ಅದನ್ನು ಮಾಡಿಸಿಕೊಂಡರು. ಭೇದಿ ಬೇಗ ಗೊತ್ತಾಯಿತು. ಮೂತ್ರಪಿಂಡದ ಕಲ್ಲು, ಕೀಲುನೋವು, ಕೆಲವರಲ್ಲಿ ಪ್ರಾಣಕ್ಕೇ ಎರವಾದ ಯಕೃತ್ತಿನ ವೈಫಲ್ಯ ಕಾಲಕ್ರಮದಲ್ಲಿ ಹೊರಬಿದ್ದವು. ಹಲವರಿಗೆ ಆ ಜೋಡಣೆ ಬಿಚ್ಚಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಯಿತು. 1980ರ ಸುಮಾರಿಗೆ ವೈದ್ಯರು ಈ ವಿಧಾನವನ್ನೇ ಕೈಬಿಟ್ಟರು. ತಕ್ಕಡಿಯ ಅಂಕಿಯನ್ನೇ ಯಶಸ್ಸೆಂದು ಎಣಿಸಿದ್ದರ ಬೆಲೆಯನ್ನು ತೆತ್ತವರು ರೋಗಿಗಳು.

1985ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿ ಪಡೆದ ಗ್ಯಾರನ್–ಎಡ್ವರ್ಡ್ಸ್ ಜಠರ ಬಲೂನಿನ (ಹೊಟ್ಟೆ ತುಂಬಿದಂತೆನಿಸಲು ಜಠರದೊಳಗೆ ಇಡುತ್ತಿದ್ದ ಬಲೂನು) ಪಾಠ ಬೇರೆ. ಬಲೂನು ಇಟ್ಟಂತೆ ನಟಿಸಿ, ಪಥ್ಯವನ್ನಷ್ಟೇ ಮಾಡಿಸಿದವರ ಜೊತೆ ಹೋಲಿಸಿದಾಗ ಅದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ಹುಣ್ಣು, ಕರುಳಿನ ಅಡಚಣೆ ಮಾತ್ರ ನಿಜವಾಗಿದ್ದವು. ಈ ಹೋಲಿಕೆ ವ್ಯಾಪಕ ಬಳಕೆಗೆ ಮೊದಲೇ ನಡೆಯಬೇಕಿತ್ತು.

ಹಾಗೆಂದು ಹೊಸದನ್ನೆಲ್ಲ ತಡೆಯುವುದೂ ಸರಿಯಲ್ಲ. ಇಂದು ಅತಿ ಹೆಚ್ಚು ನಡೆಯುವ ಸ್ಲೀವ್ ಗ್ಯಾಸ್ಟ್ರೆಕ್ಟಮಿ (ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವುದು), ಅತಿಯಾದ ತೂಕದವರಿಗೆ ದೊಡ್ಡ ಶಸ್ತ್ರಚಿಕಿತ್ಸೆಯ ಅಪಾಯ ತಗ್ಗಿಸಲು ಮಾಡುತ್ತಿದ್ದ ಮೊದಲ ಹಂತವಾಗಿತ್ತು. ಫಲಿತಾಂಶಗಳನ್ನು ಗಮನಿಸುತ್ತ ಹೋದದ್ದರಿಂದ ಅದೇ ಸ್ವತಂತ್ರ ಚಿಕಿತ್ಸೆಯಾಯಿತು.

ಹೊಸ ಔಷಧ ಮಾರುಕಟ್ಟೆಗೆ ಬರುವ ಮುನ್ನ ಹಂತಹಂತದ ಪರೀಕ್ಷೆ ಕಡ್ಡಾಯ. ಹೊಸ ಹೊಲಿಗೆ, ಹೊಸ ಜೋಡಣೆಗೆ ಅಂಥ ತಡೆಗಳು ಕಡಿಮೆ. ಈ ಅಂತರ ತುಂಬಲೆಂದೇ 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಐಡಿಯಲ್ ಚೌಕಟ್ಟು, ಶಸ್ತ್ರಚಿಕಿತ್ಸೆಯ ಹೊಸತನವನ್ನು ಮೊದಲ ರೋಗಿಯಿಂದ ದೀರ್ಘಾವಧಿಯ ನಿಗಾದವರೆಗೆ ಹಂತಗಳಾಗಿ ವಿಂಗಡಿಸಿತು.

ಸಮ್ಮತಿಯ ವಿಷಯ ಇನ್ನೂ ಸೂಕ್ಷ್ಮ. ಬೊಜ್ಜಿನಿಂದ ಬಳಲುವವರು ಎಷ್ಟೋ ಪಥ್ಯ ಮಾಡಿ ಸೋತು, ಊರವರ ಕುಹಕ ಕೇಳಿ ದಣಿದು ಬಂದಿರುತ್ತಾರೆ. ಅವರಿಗೆ ‘ಹೊಸ ವಿಧಾನ’ ಎಂದರೆ ಉತ್ತಮ ವಿಧಾನ ಎಂದೇ ಕೇಳಿಸುತ್ತದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಭಾರತದ ಸುಪ್ರೀಂ ಕೋರ್ಟ್, ಚಿಕಿತ್ಸೆಯ ಸ್ವರೂಪ, ಪರ್ಯಾಯ, ಅಪಾಯಗಳನ್ನು ತಕ್ಕಮಟ್ಟಿಗೆ ತಿಳಿಸಿಯೇ ಸಮ್ಮತಿ ಪಡೆಯಬೇಕೆಂದಿತು. ಹೊಸ ವಿಧಾನದಲ್ಲಿ ಅಷ್ಟು ಸಾಲದು. ಎಷ್ಟು ವರ್ಷಗಳ ಫಲಿತಾಂಶ ಇನ್ನೂ ಸಿಕ್ಕಿಲ್ಲ, ಈ ವೈದ್ಯರೇ ಎಷ್ಟು ಜನರಿಗೆ ಮಾಡಿದ್ದಾರೆ, ತೊಂದರೆಯಾದರೆ ಹಿಂದಿನ ಸ್ಥಿತಿಗೆ ತರಬಹುದೇ, ಸರಿಪಡಿಸುವ ಖರ್ಚು ಯಾರದು ಎಂಬುದನ್ನೂ ರೋಗಿ ಕೇಳುವ ಮೊದಲೇ ಹೇಳಬೇಕು. ರಕ್ತಪರೀಕ್ಷೆ, ವಿಟಮಿನ್ ಮಾತ್ರೆ ಜೀವನಪರ್ಯಂತ ಬೇಕಾದೀತು ಎಂಬುದನ್ನು ಮನೆಯವರಿಗೂ ತಿಳಿಸುವುದು ಒಳ್ಳೆಯದು, ರೋಗಿ ಒಪ್ಪಿದರೆ.